ಒಳ್ಳೆಯ ಕಾಲು ಮೊದಲು

ಪೆಟ್ಟಿಗೆ ಮಾವ ಎಂದು ಅವನಿಗೆ ಹೆಸರಿಟ್ಟವಳು ಅಕ್ಕನ ಮಗಳು. ಮಾತು ಕಲಿಯುವ ವಯಸ್ಸಿನಲ್ಲಿ ಅವಳು ಯಾವಾಗ ನೋಡಿದರೂ ಮಾವ ಒಂದು ತಗಡಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಅದರೊಳಗೆ ತಲೆ ತೂರಿಸಿಕೊಂಡು ಕೂತಿರುತ್ತಿದ್ದ. ಹೆಸರು ಮನೆಯಿಂದ ಓಣಿಗೆ ದಾಟಿತು, ಓಣಿಯಿಂದ ಅವನ ಕೆಲಸದ ಜಾಗಕ್ಕೂ ಹೋಯಿತು. ಕೊನೆಗೆ ಅವನಿಗಿಂತ ಹಿರಿಯರೂ ಅವನನ್ನು ಮಾವ ಅನ್ನುವಂತಾಯಿತು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಮಾಡಿಕೊಳ್ಳುವುದಕ್ಕೂ ಪುರುಸೊತ್ತು ಬೇಕಲ್ಲ.

ಓದು ಮುಗಿಸಿದವನು ಸೇರಿದ್ದು ಒಂದು ಕಂಪ್ಯೂಟರ್ ಕಂಪನಿಯ ರಿಪೇರಿ ವಿಭಾಗಕ್ಕೆ. ಆ ಕಂಪನಿಯ ಯಂತ್ರಗಳು ಮಿಕ್ಕವರ ಯಂತ್ರಗಳ ಹಾಗಿರಲಿಲ್ಲ. ಅವುಗಳ ಪ್ರೊಸೆಸರ್ ಬೇರೆ, ಅವು ಲೆಕ್ಕ ಹಾಕುವ ರೀತಿ ಬೇರೆ, ಕೊನೆಗೆ ಅವುಗಳ ಸ್ಕ್ರೂ ಕೂಡ ಬೇರೆ. ಕೆಲವು ವರ್ಷ ಅವು ಮೆರೆದವು. ಆಮೇಲೆ ಅಗ್ಗದ ಕಂಪ್ಯೂಟರುಗಳು ಬಂದು ಎಲ್ಲರ ಮೇಜಿನ ಮೇಲೂ ಕೂತವು, ಕಂಪನಿ ಬಾಗಿಲು ಹಾಕಿಕೊಂಡಿತು. ಜತೆಗಿದ್ದವರೆಲ್ಲ ಗಾಳಿ ಬಂದ ಕಡೆ ತೂರಿಕೊಂಡು ಬೇರೆ ವಿದ್ಯೆ ಕಲಿತು ದಡ ಸೇರಿದರು. ಇವನೊಬ್ಬ ಆ ಹಳೆಯ ಪೆಟ್ಟಿಗೆಗಳ ಸೆರಗು ಹಿಡಿದುಕೊಂಡೇ ಉಳಿದ.

"ಸತ್ತೋರ ಭಾಷೆ ಕಲ್ತಿದೀರಿ. ಇನ್ನು ಮಾತಾಡೋಕೆ ಯಾರು ಸಿಗ್ತಾರೆ?" ಎಂದು ಹೆಂಡತಿ ಕೇಳುತ್ತಿದ್ದಳು. ಅವಳ ನಾಲಿಗೆ ಹರಿತ, ಮನಸ್ಸು ಹಾಗಲ್ಲ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ಮನೆ ನಡೆಸಿದವಳು ಅವಳೇ. ಇವನು ಮಾತ್ರ ಹಳೆಯ ಯಂತ್ರಗಳನ್ನು ಇನ್ನೂ ಎಸೆದಿರದ ಕಾರ್ಖಾನೆಗಳನ್ನು ಹುಡುಕಿಕೊಂಡು ಹೋಗಿ ರಿಪೇರಿ ಮಾಡಿಕೊಡುತ್ತಿದ್ದ. ಅವೂ ಒಂದೊಂದಾಗಿ ಗುಜರಿ ಸೇರಿದವು. ಅವನ ತಲೆ ಪೂರ್ತಿ ನೆರೆಯುವ ಹೊತ್ತಿಗೆ, ಅವನು ಬಲ್ಲ ಜಾತಿಯ ಯಂತ್ರ ಅಂತ ಉಳಿದದ್ದು ಒಂದೇ. ಅದು ಭಾವನ ಅಚ್ಚಿನ ಮನೆಯಲ್ಲಿತ್ತು.

ಭಾವ ಎಂದರೆ ಅಕ್ಕನ ಗಂಡ. ಬೂಟು ಹೊಲಿಯುವವರಿಗೆ ಅಚ್ಚು ಮಾಡಿಕೊಡುವುದು ಅವರ ಕಸುಬು. ಕಾಲಿನ ಆಕಾರದ ಮರದ ತುಂಡದು. ಅದರ ಮೇಲೆ ಚರ್ಮ ಎಳೆದು ಹೊಲಿದರೆ ಬೂಟು. ನೆಟ್ಟಗಿರುವ ಕಾಲಿನವರಿಗೆ ಅಂಗಡಿಯ ಬೂಟು ಸಾಕು. ಅವರಿಗೆ ಭಾವ ಬೇಕಾಗಿರಲಿಲ್ಲ. ಭಾವನ ಹತ್ತಿರ ಬರುತ್ತಿದ್ದವರು ಸೊಟ್ಟ ಕಾಲಿನವರು, ಗಿಡ್ಡ ಕಾಲಿನವರು, ಬೆರಳು ಕಳೆದುಕೊಂಡವರು, ಹುಣ್ಣು ಮಾಯದವರು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬಲಗೈಯ ಹೆಬ್ಬೆರಳಿನಿಂದ ಒತ್ತುತ್ತ ಹೋಗುತ್ತಿದ್ದರು. ಮೂಳೆ ಎಲ್ಲಿ ನಿಂತಿದೆ, ಭಾರ ಎಲ್ಲಿ ಬೀಳುತ್ತದೆ, ಎಲ್ಲಿ ನೋವು ಹೇಳಿಕೊಳ್ಳದೆ ಕೂತಿದೆ ಎಂದು ಆ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಟೇಪಿಗೆ ಸಿಗುವ ಅಳತೆ ಬೇರೆ, ಈ ಅಳತೆ ಬೇರೆ.

ಹಿಂದೆ ಅಚ್ಚಿನ ಮನೆಯ ನಾಲ್ಕೂ ಗೋಡೆಗೆ ಹಲಗೆ ಹೊಡೆದು, ಪ್ರತಿಯೊಬ್ಬರ ಮರದ ಕಾಲನ್ನೂ ಜೋಡಿಸಿಟ್ಟಿದ್ದರು. ಹುಳ ಬಿದ್ದಿತ್ತು, ಇಲಿಯೂ ಇತ್ತು. ಪೆಟ್ಟಿಗೆ ಮಾವ ಕಂಪನಿಗೆ ಸೇರಿದ ಹೊಸತರಲ್ಲಿ ಬಂದು ಭಾವನ ತಲೆ ತಿಂದ. ಕಂಪ್ಯೂಟರ್ ಇಡೋಣ, ಕೆತ್ತುವ ಯಂತ್ರವನ್ನು ಅದಕ್ಕೆ ಕಟ್ಟೋಣ, ಕಾಲುಗಳನ್ನೆಲ್ಲ ಒಳಗೆ ಹಾಕೋಣ ಎಂದ.

"ಬೇಕಾದಾಗ ಹೊಸದು ಕೆತ್ಕೊಂಡ್ರಾಯ್ತು ಭಾವ. ಈ ಸೌದೆ ಯಾಕೆ ಕಾಯ್ತೀರಿ?"

"ಸೌದೆ ಅಂದ್ರೆ ಒಪ್ಕೋತೀನಿ. ನಿನ್ ಪೆಟ್ಟಿಗೆಗೆ ಹುಳ ಬೀಳಲ್ವೇನೋ?"

"ಬೀಳಲ್ಲ ಭಾವ. ನಾನಿದೀನಲ್ಲ."

ಭಾವ ನಂಬಿದರು. ಬಾಮೈದನ ಮಾತು ಬೇರೆ, ಹೆಂಡತಿಯ ಶಿಫಾರಸು ಬೇರೆ. ಅಚ್ಚುಗಳ ಆಕಾರವನ್ನೆಲ್ಲ ಒಂದೊಂದಾಗಿ ಯಂತ್ರಕ್ಕೆ ಊಡಿಸಿದ ಮೇಲೆ ಮರದ ಕಾಲುಗಳು ಒಲೆ ಸೇರಿದವು. ಅಂದಿನಿಂದ ಬೂಟು ಹೊಲಿಯುವವರಿಗೆ ಬೇಕಾದಾಗ ಹೊಸ ಅಚ್ಚು ಸಿಗುತ್ತಿತ್ತು. ಮೊಳೆ ಹೊಡೆಸಿಕೊಂಡು ಸೀಳಿದ ಹಳೆಯದನ್ನು ಯಾರೂ ಎತ್ತಿಡುತ್ತಿರಲಿಲ್ಲ. ಭಾವನ ಒಂದು ಆಯುಷ್ಯದ ಕೆಲಸವೆಲ್ಲ ಮೂಲೆಯ ಪೆಟ್ಟಿಗೆಯೊಳಗೆ ತೆಪ್ಪಗೆ ಕೂತಿತು.

ಹಾಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಭಾವ ಹಾಸಿಗೆಯಿಂದ ಏಳಲು ಹೋಗಿ ಕುಸಿದರು. ಮಾತು ವಾಪಸು ಬಂತು, ಕಾಲೂ ಅಷ್ಟಿಷ್ಟು ಬಂತು, ಬಲಗೈ ಮಾತ್ರ ಬರಲಿಲ್ಲ. ಹೊಸ ಕಾಲುಗಳ ಅಳತೆ ಅಲ್ಲಿಗೆ ನಿಂತಿತು. ಆದರೂ ಹಳಬರು ಬರುತ್ತಿದ್ದರು. ಅವರ ಕಾಲು ಪೆಟ್ಟಿಗೆಯೊಳಗಿತ್ತು, ಕೆತ್ತಿಕೊಡಲು ಅಕ್ಕ ಕಲಿತುಕೊಂಡಿದ್ದಳು. ಒಲೆ ಉರಿಯುವುದಕ್ಕೆ ಅಷ್ಟು ಸಾಕಾಗಿತ್ತು.

ಅಷ್ಟಾದರೂ ನೆಟ್ಟಗೆ ನಡೆಯಬೇಡವೇ? ಯಂತ್ರವೂ ಕೈಕೊಟ್ಟಿತು.

ಪೆಟ್ಟಿಗೆ ಮಾವ ಬಂದು ಮುಚ್ಚಳ ಬಿಚ್ಚಿ ನೋಡಿದ. ಡಿಸ್ಕು ಬದುಕಿತ್ತು. ಸತ್ತದ್ದು ಕಂಪ್ಯೂಟರಿಗೂ ಡಿಸ್ಕಿಗೂ ನಡುವೆ ನಿಂತು ಕೊಡುವ ತೆಗೆದುಕೊಳ್ಳುವ ವ್ಯವಹಾರ ನೋಡಿಕೊಳ್ಳುವ ಕಂಟ್ರೋಲರ್ ಕಾರ್ಡು. ಅಂಥ ಕಾರ್ಡನ್ನು ಲೋಕದಲ್ಲಿ ಯಾರೂ ಈಗ ಮಾಡುತ್ತಿರಲಿಲ್ಲ. ಗುಜರಿಯಲ್ಲಿ ಸಿಕ್ಕ ಒಂದೆರಡು ಸುಟ್ಟು ಕರಕಲಾಗಿದ್ದವು. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಓದುವಂತೆಯೂ ಇರಲಿಲ್ಲ, ಆ ಕಂಪನಿ ಬರೆಯುವ ರೀತಿಯೇ ಬೇರೆ. ಅದೂ ಅಲ್ಲದೆ ಡಿಸ್ಕಿನ ಮೋಟಾರು ಮುದಿಯಾಗಿ ಗೊರಗುಡುತ್ತಿತ್ತು. ಇನ್ನೊಂದು ಸಲ ತಿರುಗೀತು, ಎರಡನೆಯ ಸಲಕ್ಕೆ ದೇವರೇ ಗತಿ ಎಂದು ಅವನಿಗೆ ಸದ್ದಿನಲ್ಲೇ ಗೊತ್ತಾಯಿತು.

ಕೊನೆಗೆ ಸಾಮಾನ್ಯ ಕಂಪ್ಯೂಟರಿಗಾಗಿ ಮಾಡಿದ ಒಂದು ಈಚಿನ ಕಾರ್ಡು ತಂದ. ಅದು ಜಾಗದಲ್ಲಿ ಕೂತಿತು. ಕೂತದ್ದಷ್ಟೇ. ಅದನ್ನು ಎಬ್ಬಿಸುವ ಪ್ರೋಗ್ರಾಮ್ ಇದ್ದದ್ದು ಸಾಮಾನ್ಯ ಕಂಪ್ಯೂಟರಿನ ಭಾಷೆಯಲ್ಲಿ, ಈ ಹಳೆಯ ಪ್ರೊಸೆಸರಿಗೆ ಅದರ ಒಂದಕ್ಷರ ತಿಳಿಯದು. ಇಬ್ಬರ ನಡುವೆ ದುಭಾಷಿಯ ಕೆಲಸ ಮಾಡುವ ಡ್ರೈವರ್ ಬೇಕು. ಯಾರಾದರೂ ಬರೆದಿದ್ದಾರಾ ಎಂದು ಹುಡುಕಿದ. ಬೇರೆ ಊರಿನ ತನ್ನಂಥ ಹುಚ್ಚರನ್ನು ಕೇಳಿದ. ಇದ್ದ ಒಬ್ಬಿಬ್ಬರೂ ಆ ಯಂತ್ರದ ಸಹವಾಸ ಬಿಟ್ಟು ವರ್ಷಗಳಾಗಿದ್ದವು. ಸರಿ, ತಾನೇ ಬರೆಯಲು ಕೂತ.

ಕೂತದ್ದು ಅಚ್ಚಿನ ಮನೆಯಲ್ಲೇ, ಕೆತ್ತುವ ಯಂತ್ರದ ಪಕ್ಕದಲ್ಲಿ, ಮರದ ಪುಡಿ ಮೂಗಿಗೆ ಹೋಗುವ ಮೂಲೆಯಲ್ಲಿ. ಬೆಳಗ್ಗೆ ಬಂದರೆ ಸಂಜೆ ಅಕ್ಕ ಬೀಗ ಹಾಕುವವರೆಗೆ. ಬಿಸಿಲಿಗೆ ಶುರು ಮಾಡಿದವನು ಚಳಿ ಬಂದರೂ ಏಳಲಿಲ್ಲ. ಕಾರ್ಡು ಒಮ್ಮೆ ಮಿಣುಕೆಂದರೆ ಹತ್ತು ದಿನ ಗುಮ್ಮೆಂದಿರುತ್ತಿತ್ತು. ಪಕ್ಕದ ಕೋಣೆಯ ಮಂಚದಿಂದ ಭಾವ ಕೂಗಿ ಕೇಳುತ್ತಿದ್ದರು:

"ಏನಪ್ಪ, ಹೊಸ ಸೊಸೆ ಬಾಯಿ ಬಿಟ್ಳಾ?"

"ಇಲ್ಲ ಭಾವ. ಮುನಿಸು."

"ಮಾತಾಡ್ಸೋ ರೀತೀಲಿ ಮಾತಾಡ್ಸು. ನಿಮ್ಮಕ್ಕನ್ನ ನಾನು ಮಾತಾಡ್ಸಿರಲಿಲ್ವಾ?"

"ಆ ಪುರಾಣ ಈಗ್ಯಾಕೆ?" ಎಂದು ಅಕ್ಕ ಅಡಿಗೆ ಮನೆಯಿಂದಲೇ ಗದರುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ಜೀವ ಹಿಂಡಿದ್ದು ಅಂಕಿಗಳ ದಿಕ್ಕು. ಹಳೆಯ ಯಂತ್ರ ಅಂಕಿಯನ್ನು ದೊಡ್ಡ ಸ್ಥಾನದಿಂದ ಶುರು ಮಾಡಿ ಬರೆಯುವಂಥದ್ದು, ನಾವು ನೀವು ಬರೆಯುವ ಹಾಗೆ. ಕಾರ್ಡು ಓದುವುದು ಚಿಕ್ಕ ಸ್ಥಾನದಿಂದ. ಇತ್ತ ಹನ್ನೆರಡು ಎಂದರೆ ಅತ್ತ ಇಪ್ಪತ್ತೊಂದು ಕೇಳಿಸುತ್ತದೆ. ಆದ್ದರಿಂದ ಕಾರ್ಡಿಗೆ ಹೋಗುವ ಪ್ರತಿ ಅಂಕಿಯನ್ನೂ ದಾರಿಯಲ್ಲಿ ಹಿಡಿದು ತಿರುಗಿಸಿ ಕಳಿಸಬೇಕು. ಅವನು ಸಾವಿರಾರು ಸಾಲು ಬರೆದ, ಒಂದೊಂದೇ ಅಂಕಿ ಹೆಕ್ಕಿ ತಿರುಗಿಸಿದ. ಅದರ ಮೇಲೆ ಕಾರ್ಡಿನ ಬೆನ್ನಿಗಿದ್ದ ಬ್ಯಾಟರಿ ಊದಿಕೊಂಡು ಒಡೆಯುವ ಹಾಗಾಗಿತ್ತು, ಕಿತ್ತು ಬಿಸಾಕಿದ. ಬ್ಯಾಟರಿ ಇಲ್ಲದೆ ನಾನು ಏಳುವುದೇ ಇಲ್ಲ ಎಂದು ಕಾರ್ಡು ಹಟ ಹಿಡಿಯಿತು. ಇದೆ ಇದೆ, ನಿನ್ನ ಕೆಲಸ ನೋಡು ಎಂದು ಡ್ರೈವರಿನಲ್ಲಿ ಸುಳ್ಳು ಹೇಳಿಸಿ ಅದರ ಬಾಯಿ ಮುಚ್ಚಿಸಿದ.

ಈ ನಡುವೆ ಭಾವನ ಹಳೆಯ ಗಿರಾಕಿಯಾದ ಒಬ್ಬ ಶಾಲಾ ಟೀಚರ್ ಎರಡು ಸಲ ಬಂದು ಹೋದರು. ಅವರ ಎಡಗಾಲು ಹುಟ್ಟಿನಿಂದ ಒಳಕ್ಕೆ ಮುರುಟಿದ್ದು. ಅದರ ಅಚ್ಚು ಕೂಡಿಬರಲು ಭಾವನಿಗೆ ಒಂದು ವರ್ಷ ಹಿಡಿದಿತ್ತು. ಕೆತ್ತುವುದು, ಬೂಟು ಹೊಲಿಸುವುದು, ಟೀಚರ್ ನಡೆದು ನೋಡಿ ಬಂದು ಸ್ಟೂಲಿನ ಮೇಲೆ ಕೂರುವುದು, ಭಾವ ಮತ್ತೆ ಹೆಬ್ಬೆರಳು ಒತ್ತುವುದು. ಆ ಬೂಟು ಹಾಕಿಕೊಂಡ ಮೇಲೆಯೇ ಅವರು ಕೋಲು ಬಿಟ್ಟು, ಕರಿಹಲಗೆಯ ಮುಂದೆ ನಿಂತು ಪಾಠ ಮಾಡಿದ್ದು. ಈಗ ಆ ಬೂಟು ಅಡಿ ಕಿತ್ತು ಬಂದು ಹುರಿ ಕಟ್ಟಿಸಿಕೊಂಡಿತ್ತು. ಕ್ಯಾಮೆರಾದಲ್ಲಿ ಕಾಲು ಅಳೆದುಕೊಡುವ ಅಂಗಡಿಗೂ ಹೋಗಿಬಂದಿದ್ದರು.

"ನೋಡೋಕೆ ಚೆನ್ನಾಗಿತ್ತು. ಊರಿದ ತಕ್ಷಣ ಜೀವ ಹೋಯ್ತು," ಎಂದರು. ಅವರ ಶಾಲೆಯ ಹೆಡ್‌ಮಾಸ್ತರು, ನಿಲ್ಲಲಾಗದವರು ಆಫೀಸಿನಲ್ಲಿ ಕೂತು ಕೆಲಸ ಮಾಡಲಿ ಅನ್ನುತ್ತಿದ್ದಾರಂತೆ. "ಇನ್ನೊಂದ್ ಸ್ವಲ್ಪ ದಿನ ತಳ್ತೀನಿ ಸರ್. ನೀವು ಮಾಡಿ, ಅವಸರ ಇಲ್ಲ." ಅವಸರ ಇಲ್ಲ ಎಂದು ಅವರು ಹೇಳಿದ ರೀತಿಯಲ್ಲೇ ಎಷ್ಟು ಅವಸರವಿತ್ತೆಂದು ಪೆಟ್ಟಿಗೆ ಮಾವನಿಗೆ ಗೊತ್ತಾಯಿತು.

ಕೊನೆಗೂ ಒಂದು ಮಧ್ಯಾಹ್ನ ಕಾರ್ಡು ಬಾಯಿ ಬಿಟ್ಟಿತು. ಹಳೆಯ ಡಿಸ್ಕು ಗೊರಗುಡುತ್ತ ತಿರುಗಿತು, ಅದರಿಂದ ಕಾಲುಗಳು ಒಂದೊಂದಾಗಿ ಎದ್ದು ಬಂದು ಅವನು ತಂದು ಜೋಡಿಸಿದ್ದ ಹೊಸ ಡಿಸ್ಕಿಗೆ ಹೋದವು. ಪೆಟ್ಟಿಗೆ ಮಾವ ಒಂದೊಂದನ್ನೂ ಎಣಿಸುತ್ತ ಕೂತಿದ್ದ. ಎಲ್ಲ ಮುಗಿದ ಮೇಲೆ ಹೊಸ ಡಿಸ್ಕಿನಿಂದ ಅಷ್ಟನ್ನೂ ಮತ್ತೆ ಓದಿಸಿ ಹಳೆಯದಕ್ಕೆ ತಾಳೆ ನೋಡಿದ. ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲ. ಆ ಹೊತ್ತಿಗೆ ಹಳೆಯ ಡಿಸ್ಕು ಕಬ್ಬಿಣ ಉಜ್ಜಿದಂತೆ ಕಿರ್ರೆಂದು ನಿಂತಿತು. ಪಾಪ, ಒಪ್ಪಿಸುವುದನ್ನು ಒಪ್ಪಿಸಿಯೇ ಹೋಯಿತು ಎಂದುಕೊಂಡ. ಇನ್ನೊಂದು ಪ್ರತಿ ಮಾಡಿಡಲು ಮನೆಯಿಂದ ನಾಳೆ ಇನ್ನೊಂದು ಡಿಸ್ಕು ತರಬೇಕು ಎಂದೂ ಅಂದುಕೊಂಡ.

ಅಕ್ಕ ಭಾವನನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಮೊದಲು ಯಾರ ಕಾಲು ಎಂಬ ಪ್ರಶ್ನೆಯೇ ಇರಲಿಲ್ಲ. ಟೀಚರದ್ದು. ಎರಡರಲ್ಲಿ ಯಾವುದು ಎಂಬುದಕ್ಕೂ ಭಾವನದು ಹಳೆಯ ಪದ್ಧತಿ: ಒಳ್ಳೆಯ ಕಾಲು ಮೊದಲು. ಮರ ಹೇಗಿದೆ, ಅಲಗು ಹೇಗಿದೆ ಎಂದು ಅದರಲ್ಲಿ ಗೊತ್ತಾಗಿಬಿಡುತ್ತದೆ. ಕೆಟ್ಟರೆ ಒಳ್ಳೆಯದು ಕೆಡಲಿ, ಅದನ್ನು ಇನ್ನೊಮ್ಮೆ ಯಾರು ಬೇಕಾದರೂ ಮಾಡಬಹುದು ಎಂಬುದು ಅವರ ವಾದ.

ಯಂತ್ರ ಶುರುವಾಯಿತು. ತಿಂಗಳುಗಟ್ಟಲೆ ಸುಮ್ಮನಿದ್ದ ಮನೆಯಲ್ಲಿ ಮರದ ಪುಡಿ ಹಾರಿತು. ಬಲಗಾಲಿನ ಅಚ್ಚು ಬಿಸಿಬಿಸಿಯಾಗಿ ಭಾವನ ಕೈಗೆ ಬಂತು. ಅವರು ಎಡಗೈಯಲ್ಲಿ ಹಿಡಿದು, ಆ ಕೈಯ ಮೇಲೆ ನಂಬಿಕೆ ಸಾಲದೆ ಕೆನ್ನೆಗೆ ಒತ್ತಿಕೊಂಡರು.

"ಟೀಚರ್ ಬಲಗಾಲು," ಎಂದರು. "ನಾನ್ ಮಾಡಿದ್ದೇ." ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಅಕ್ಕ ಸೆರಗಿನಿಂದ ಒರೆಸಿದಳು.

"ಎಡಗಾಲೂ ಕೆತ್ತಿಬಿಡೋಣ್ವಾ ಭಾವ?"

"ಬೆಳಕು ಹೋಗ್ತಿದೆ. ನಾಳೆ ಮಾಡೋಣ. ಅದು ಅವಸರದ ಕಾಲಲ್ಲಪ್ಪ."

ಮರದ ಪುಡಿಯಿರುವ ಮನೆಗೆ ಕರೆಂಟು ಬಿಟ್ಟು ಬೀಗ ಹಾಕಬಾರದೆಂಬುದು ಅಲ್ಲಿಯ ಕಟ್ಟುನಿಟ್ಟು. ಪೆಟ್ಟಿಗೆ ಮಾವ ಕಂಪ್ಯೂಟರನ್ನು ಕ್ರಮವಾಗಿಯೇ ಆರಿಸಿದ. ಅಕ್ಕ ಮೇನ್ ಸ್ವಿಚ್ಚು ಇಳಿಸಿದಳು. ಅಂದು ಅವನು ಮನೆಗೆ ನಡೆದುಕೊಂಡೇ ಹೋದ. ಹೆಂಡತಿ ಬಾಗಿಲು ತೆರೆದವಳು ಮುಖ ನೋಡಿ, "ಸತ್ತೋರು ಮಾತಾಡಿದ್ರಾ?" ಎಂದಳು. "ಮಾತಾಡಿದ್ರು," ಎಂದ. ಅವನು ಅಷ್ಟು ನಿರಾಳವಾಗಿ ಉಂಡದ್ದನ್ನು ಅವಳು ನೋಡಿ ಬಹಳ ಕಾಲವಾಗಿತ್ತು.

ಬೆಳಗ್ಗೆ ಹೊಸ ಡಿಸ್ಕು ಇತ್ತು. ಅದರಲ್ಲಿ ಏನೂ ಇರಲಿಲ್ಲ.

ಮೊದಲು ಅವನು ನಂಬಲಿಲ್ಲ. ಆರಿಸಿ ಹಚ್ಚಿದ, ಕೇಬಲ್ ಕಿತ್ತು ಹಾಕಿದ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಡಿಸ್ಕು ಹಾಗೇ ಇತ್ತು, ಯಾರೂ ಮುಟ್ಟದ ಹಾಗೆ. ತಾನು ಬರೆದ ಸಾಲುಗಳನ್ನು ಮೇಲಿನಿಂದ ಓದುತ್ತ ಬಂದ. ಅಕ್ಕ ತಿಂಡಿ ತಂದಿಟ್ಟಳು, ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಆ ಸಾಲು ಸಿಕ್ಕಿತು.

ಕಾರ್ಡಿಗೆ ತನ್ನದೇ ಒಂದು ನೆನಪಿದೆ. ಬರೆ ಎಂದು ಕೊಟ್ಟದ್ದನ್ನು ಅದು ಮೊದಲು ಅಲ್ಲಿಟ್ಟುಕೊಂಡು, ಬರೆದಾಯಿತು ಎಂದು ಹೇಳಿಬಿಡುತ್ತದೆ. ಆಮೇಲೆ ನಿಧಾನವಾಗಿ ಡಿಸ್ಕಿಗೆ ಇಳಿಸುತ್ತದೆ. ಎಷ್ಟು ಹೊತ್ತು ಬಿಟ್ಟು ಇಳಿಸಬೇಕು ಎಂದು ಡ್ರೈವರ್ ಹೇಳಬೇಕು. ಅವನು ನಾಲ್ಕು ಸೆಕೆಂಡು ಎಂದು ಬರೆದಿದ್ದ. ನಾಲ್ಕೇ ಸೆಕೆಂಡು ತಾನೆ ಎಂದು, ಆರಿಸುವ ಮುಂಚೆ ಎಲ್ಲ ಇಳಿಸಿಬಿಡು ಎಂಬ ಪ್ರತ್ಯೇಕ ಅಪ್ಪಣೆಯನ್ನೂ ಬರೆದಿರಲಿಲ್ಲ. ಸಾವಿರಾರು ಅಂಕಿ ತಿರುಗಿಸಿದವನು ಆ ಒಂದು ನಾಲ್ಕನ್ನು ತಿರುಗಿಸಲು ಮರೆತಿದ್ದ. ಮುಂದೆ ಸಾಲಾಗಿ ಸೊನ್ನೆಗಳನ್ನಿಟ್ಟು ನಾಲ್ಕು ಬರೆದು ಹಿಂದಿನಿಂದ ಓದಿದರೆ ಏನಾಗುತ್ತದೆ? ಕಾರ್ಡಿಗೆ ಕೇಳಿಸಿದ್ದು ಎರಡು ವರ್ಷಕ್ಕೂ ಮೇಲೆ. ಎರಡು ವರ್ಷ ಬಿಟ್ಟು ಡಿಸ್ಕಿಗೆ ಇಳಿಸು ಎಂದು ಯಜಮಾನ ಹೇಳಿದ್ದಾನೆ, ಆಗಲಿ ಎಂದು ಅದು ಊರಿನ ಕಾಲುಗಳನ್ನೆಲ್ಲ ಬಾಯಲ್ಲಿಟ್ಟುಕೊಂಡು ಕೂತಿತು. ಹಳೆಯ ಕಾಲದ ಚಿಕ್ಕ ಲೆಕ್ಕ, ಅಷ್ಟೂ ಅದರ ನೆನಪಿನಲ್ಲೇ ಹಿಡಿಸಿತು. ತಾಳೆ ನೋಡಿದಾಗ ತೋರಿಸಿದ್ದೂ ಬಾಯಲ್ಲಿದ್ದದ್ದನ್ನೇ. ಕರೆಂಟು ಹೋದರೆ ಆ ನೆನಪನ್ನು ಕಾಯಬೇಕಾದದ್ದು ಬ್ಯಾಟರಿ. ಅದನ್ನು ಕಿತ್ತವನೂ ಅವನೇ, ಇದೆ ಎಂದು ಸುಳ್ಳು ಹೇಳಿಸಿದವನೂ ಅವನೇ.

ಹಳೆಯ ಡಿಸ್ಕನ್ನು ಎದೆಗವಚಿಕೊಂಡು, ಸತ್ತ ಡಿಸ್ಕಿನಿಂದ ಮಾಹಿತಿ ತೆಗೆದುಕೊಡುವವರ ಹತ್ತಿರ ಓಡಿದ. ಅವರು ಬಿಚ್ಚಿ ತೋರಿಸಿದರು. ಒಳಗಿನ ತಟ್ಟೆಗಳ ಮೇಲ್ಮೈ ಸುತ್ತಲೂ ಕೆರೆದುಹೋಗಿ, ಕಪ್ಪು ಪುಡಿಯಾಗಿ ತಳಕ್ಕೆ ಬಿದ್ದಿತ್ತು. ಇದರಲ್ಲಿ ಯಾರೂ ಏನೂ ತೆಗೆಯಲಾರರು ಎಂದರು. ಪೆಟ್ಟಿಗೆ ಮಾವನೂ ಆ ಕಸುಬಿನವನೇ ಆದ್ದರಿಂದ ಎರಡನೆಯ ಸಲ ಕೇಳಲಿಲ್ಲ.

ಅಕ್ಕನಿಗೆ ಹೇಳಿದ. ಅವಳು ಬಯ್ದಿದ್ದರೆ ಚೆನ್ನಾಗಿತ್ತು. "ಊಟ ಮಾಡಿದ್ಯಾ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಕೆತ್ತುವ ಯಂತ್ರದ ಮೇಲಿನ ಪುಡಿ ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಭಾವನಿಗೆ ಮಾತ್ರ ಸುತ್ತಿ ಬಳಸಿ ಹೇಳಿದ. ಮಂಚದ ಪಕ್ಕ ಕೂತು, ನಾಲ್ಕು, ಸೊನ್ನೆ, ಬ್ಯಾಟರಿ ಎಂದು ಏನೇನೋ ವಿವರಿಸಿದ. ಭಾವ ಕಣ್ಣು ಮುಚ್ಚಿಕೊಂಡು ಕೇಳಿದರು.

"ಅದೆಲ್ಲ ನಂಗೆ ತಿಳಿಯಲ್ಲಪ್ಪ. ಕಾಲು ಇದಾವಾ, ಇಲ್ವಾ?"

"ಇಲ್ಲ ಭಾವ."

"ಒಂದೂ?"

"ಟೀಚರ್ ಬಲಗಾಲು ಇದೆ. ನಿನ್ನೆ ಕೆತ್ತಿದ್ದು."

ಭಾವ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಆ ಬಲಗಾಲು ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು. ಆಮೇಲೆ, "ಟೀಚರನ್ನ ಬರೋಕೆ ಹೇಳು," ಎಂದರು. "ಹೆಬ್ಬೆರಳು ನಿಂದು, ಮಾತು ನಂದು. ನೋಡೋಣ."

ಪೆಟ್ಟಿಗೆ ಮಾವನಿಗೆ ಅದೇ ಸಾಕಾಯಿತು. ತಾನು ಕಲಿಯುತ್ತೇನೆ, ಭಾವ ಹೇಳಿಕೊಡುತ್ತಾರೆ, ಒಂದೊಂದೇ ಕಾಲು ವಾಪಸು ತರೋಣ ಎಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡ. ಹೆಂಡತಿ ಈ ಸಲ ಚುಚ್ಚಲಿಲ್ಲ. ಬೆಳಗ್ಗೆ ಅವನ ಉಗುರು ತಾನೇ ಕತ್ತರಿಸಿ, "ಮೆತ್ತಗೆ ಹಿಡೀರಿ, ಸ್ಕ್ರೂ ಅಲ್ಲ ಅದು," ಎಂದು ಕಳಿಸಿದಳು.

ಟೀಚರ್ ಬಂದು ಸ್ಟೂಲಿನ ಮೇಲೆ ಕೂತರು. ಏನಾಗಿದೆಯೆಂದು ಅಕ್ಕ ಬಾಗಿಲಲ್ಲೇ ಹೇಳಿದ್ದಳು. ಅವರು ಹುರಿ ಬಿಚ್ಚಿ ಬೂಟು ತೆಗೆದು, ಸಂಕೋಚಪಡುತ್ತ ಎಡಗಾಲನ್ನು ಪೆಟ್ಟಿಗೆ ಮಾವನ ತೊಡೆಯ ಮೇಲಿಟ್ಟರು. ಅವನು ಆ ಕಾಲನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅದರ ಆಕಾರ ಮಾತ್ರ ಎಷ್ಟೋ ವರ್ಷ ಅವನ ಕಾವಲಿನಲ್ಲಿತ್ತು.

"ಹೊರಗಿನ ಅಂಚು ಒತ್ತು. ಒಂದು ಗಂಟು ಸಿಗುತ್ತೆ," ಎಂದರು ಭಾವ, ಪಕ್ಕದ ಕುರ್ಚಿಯಿಂದ.

"ಸಿಕ್ತು ಭಾವ."

"ಅದರ ಹಿಂದೆ ಇನ್ನೊಂದು ಮೂಳೆ ಇದೆ. ಟೀಚರ್, ಕಾಲು ಸ್ವಲ್ಪ ಊರಿ. ಹಾಂ. ಈಗ ಅದು ಜರುಗುತ್ತೆ. ಒಳಕ್ಕೆ ಜರುಗಿತೋ, ಕೆಳಕ್ಕೋ?"

ಅವನು ಒತ್ತಿದ. ಇನ್ನೊಮ್ಮೆ ಒತ್ತಿದ. ಟೀಚರ್ ತುಟಿ ಕಚ್ಚಿಕೊಂಡರು.

"ನೋವಾಯ್ತಾ?"

"ಇಲ್ಲ ಸರ್," ಎಂದು ಅವರು ಸುಳ್ಳು ಹೇಳಿದರು.

ಅವನ ಹೆಬ್ಬೆರಳಿಗೆ ಎಲ್ಲವೂ ಒಂದೇ ಆಗಿತ್ತು. ಮೂಳೆಯೋ, ನರವೋ, ತನ್ನದೇ ನಾಡಿಯ ಬಡಿತವೋ ಗೊತ್ತಾಗುತ್ತಿರಲಿಲ್ಲ. ಒಳಕ್ಕೆ ಎಂದುಬಿಡೋಣವೆ ಎನಿಸಿತು. ಭಾವ ಅದನ್ನು ನಂಬಿ ಮುಂದಿನದನ್ನು ಕೇಳುತ್ತಾರೆ, ಅಚ್ಚು ಕೆತ್ತಿಸುತ್ತಾರೆ, ಟೀಚರ್ ಅದರ ಮೇಲೆ ನಿಲ್ಲುತ್ತಾರೆ.

"ಏನ್ ಗೊತ್ತಾಗ್ತಿದೆ, ಹೇಳಪ್ಪ. ಗೊತ್ತಾದಷ್ಟು ಹೇಳು."

"ಬೆಚ್ಚಗಿದೆ ಭಾವ," ಎಂದ. "ಅಷ್ಟೇ ಗೊತ್ತಾಗ್ತಿದೆ."

ಭಾವ ಎಡಗೈ ಚಾಚಿ ಅವನ ಭುಜ ಮುಟ್ಟಿ, "ಸಾಕು, ಅವರ ಕಾಲು ಬಿಡು," ಎಂದರು.